ಕಟಾಂಜನದಾಚೆಯ ಆನೆ ಸೀಲ್‌ಗಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಪೆಸಿಫಿಕ್ ಸಾಗರದ ದಂಡೆಯುದ್ದಕ್ಕೂ ಸಾಗುವ 1ನೇ ಸಂಖ್ಯೆಯ ಹೆದ್ದಾರಿಯ ಮಗ್ಗುಲಲ್ಲಿ, ಸ್ಯಾನ್ ಸಿಮಿಯನ್ ಊರಿನ ಉತ್ತರಕ್ಕೆ ಪಿಯೆದ್ರಾಸ್ ಬ್ಲಾಂಕಾಸ್ ಎಂಬ ತೀರವಿದೆ. ವಾಹನ ನಿಲ್ಲಿಸುವ ಜಾಗದಿಂದಲೇ ಆರಂಭವಾಗುವ ಇಲ್ಲಿನ ಕಾಲುದಾರಿ ಸಮತಟ್ಟಾಗಿದ್ದು, ಗಾಲಿಕುರ್ಚಿಯೂ ಸಲೀಸಾಗಿ ಸಾಗುವಂತಿದೆ. ವರ್ಷವಿಡೀ ತೆರೆದಿರುತ್ತದೆ, ಪ್ರವೇಶ ಶುಲ್ಕವೂ ಇಲ್ಲ. ದಾರಿಯಂಚಿನ ಕಟಾಂಜನದ ಕೆಳಗೆ, ಮರಳಿನ ಮೇಲೆ, ಉತ್ತರದ ಆನೆ ಸೀಲ್‌ಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿರುತ್ತವೆ.

ಸೀಲ್ ಎಂದರೆ ಆಹಾರವನ್ನು ಕಡಲಿನಲ್ಲಿ ಹುಡುಕಿ, ಮರಿ ಹಾಕಲು ದಡಕ್ಕೆ ಬರುವ ಸಸ್ತನಿ. 2,000 ಕಿಲೋಗ್ರಾಂ ತೂಗಬಲ್ಲ ಈ ಜಾತಿಯ ಗಂಡಿಗೆ ಸೊಂಡಿಲಿನಂತೆ ಜೋತುಬಿದ್ದ ಮೂಗಿರುವುದರಿಂದ ಆನೆಯ ಹೆಸರು ಬಂದಿದೆ. ಕೊಬ್ಬಿನಿಂದ ತೆಗೆಯುವ ಎಣ್ಣೆಗಾಗಿ 19ನೇ ಶತಮಾನದಲ್ಲಿ ಇವುಗಳನ್ನು ಎಷ್ಟು ಕೊಂದರೆಂದರೆ, ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದವು. 1922ರಲ್ಲಿ ಮೆಕ್ಸಿಕೋ ಅವುಗಳಿಗೆ ರಕ್ಷಣೆ ನೀಡಿತು; ಆ ಅಲ್ಪ ಸಂತತಿಯೇ ಬೆಳೆದು, 1990ರಲ್ಲಿ ಪಿಯೆದ್ರಾಸ್ ಬ್ಲಾಂಕಾಸ್ ತಲುಪಿತು. 1992ರಲ್ಲಿ ಇಲ್ಲಿ ಮೊದಲ ಮರಿ ಹುಟ್ಟಿತು.

ಈ ತೀರದಲ್ಲಿ ಅತ್ಯಂತ ಮನಕಲಕುವ ಸಂಗತಿಯೆಂದರೆ ಬಾಣಂತನ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಹೆರುವ ತಾಯಂದಿರು ಸುಮಾರು ನಾಲ್ಕು ವಾರ ಏನನ್ನೂ ತಿನ್ನದೆ, ಕಡಲಿಗೂ ಇಳಿಯದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಹಾಲಾಗಿಸಿ ಉಣಿಸುತ್ತವೆ. ಆ ಹಾಲಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ, ಹುಟ್ಟಿದಾಗ ಸುಮಾರು 35 ಕಿಲೋಗ್ರಾಂ ಇದ್ದ ಮರಿ ಅಷ್ಟರಲ್ಲೇ 100 ಕಿಲೋಗ್ರಾಂ ಮೀರುತ್ತದೆ. ಬಳಿಕ ಬಡಕಲಾದ ತಾಯಿ ಮರಿಯನ್ನು ದಡದಲ್ಲೇ ಬಿಟ್ಟು ಕಡಲಿಗೆ ಮರಳುತ್ತದೆ. ಕಲಿಸುವವರಿಲ್ಲದ ಮರಿಗಳು ಎರಡು ತಿಂಗಳಿಗೂ ಹೆಚ್ಚು ಕಾಲ ಉಪವಾಸವಿದ್ದು, ದಡದಂಚಿನ ಆಳವಿಲ್ಲದ ನೀರಿನಲ್ಲಿ ತಾವಾಗಿಯೇ ಈಜು ಕಲಿತು ಹೊರಡುತ್ತವೆ.

ಏಪ್ರಿಲ್–ಮೇ ತಿಂಗಳಲ್ಲಿ ಮೈಯೆಲ್ಲ ಚಿಂದಿಯಾದಂತೆ ತೋರುವ ಹೆಣ್ಣುಗಳನ್ನು ಕಂಡು, ರೋಗವೇ ಬಡಿದಿದೆಯೆಂದು ನೋಡುಗರು ಮರುಗುವುದುಂಟು. ಅದು ಕಾಯಿಲೆಯಲ್ಲ, ಹಳೆಯ ರೋಮ ಹೊರಚರ್ಮದೊಂದಿಗೆ ಕಳಚಿಹೋಗುವ ವಾರ್ಷಿಕ ಕ್ರಿಯೆ. ತಣ್ಣನೆಯ ಆಳದಲ್ಲಿ ಮೈಶಾಖ ಉಳಿಸಿಕೊಳ್ಳಲು ರಕ್ತವು ಚರ್ಮದಿಂದ ಹಿಂದೆ ಸರಿಯುವುದರಿಂದ ಹೊಸ ಚರ್ಮ ಅಲ್ಲಿ ಬೆಳೆಯಲಾರದು. ಆದ್ದರಿಂದಲೇ ದಡದ ಮೇಲೆ ಈ ವಿಶ್ರಾಂತಿ. ನೀಲಿ ಜಾಕೆಟ್ ತೊಟ್ಟ ಸ್ವಯಂಸೇವಕರು ಇದನ್ನೆಲ್ಲ ಬಿಡಿಸಿ ಹೇಳುತ್ತಾರೆ.

ಕಷ್ಟಪಟ್ಟು ಏರಿದವರಿಗಷ್ಟೇ ನಿಜವಾದ ಕಾಡು ದಕ್ಕುತ್ತದೆಂಬ ಭಾವನೆಯನ್ನು ಈ ದಾರಿ ಸುಳ್ಳಾಗಿಸುತ್ತದೆ, ಏಕೆಂದರೆ ನಡೆಯಲಾರದ ವೃದ್ಧರಿಗೂ ಎಳೆಯ ಮಕ್ಕಳಿಗೂ ಕಾಡುಜೀವಿಯ ಸಾಮೀಪ್ಯವನ್ನು ಒದಗಿಸುವ ಅದೇ ಕಟಾಂಜನವು, ಮನುಷ್ಯರ ಕಾಲು ಮರಳನ್ನು ತಾಕದಂತೆ ತಡೆದು, ಉಪವಾಸದಲ್ಲಿರುವ ಪ್ರಾಣಿಗಳ ಶಕ್ತಿ ಬೆದರುವುದರಲ್ಲಿ ವ್ಯಯವಾಗದಂತೆಯೂ ಕಾಯುತ್ತದೆ. 1972ರ ಕಡಲ ಸಸ್ತನಿ ರಕ್ಷಣಾ ಕಾಯ್ದೆಯ ಪ್ರಕಾರವೂ ಇವುಗಳಿಗೆ ಕಿರುಕುಳ ಕೊಡುವುದು ಅಪರಾಧ.

ಇದೇ ದಾರಿಯಿಂದ ಪೆಲಿಕನ್‌ಗಳು, ಕೆಲ್ಪ್ ಎಂಬ ಉದ್ದನೆಯ ಕಡಲಪಾಚಿಯ ನಡುವೆ ತೇಲುವ ಕಡಲ ನೀರುನಾಯಿಗಳು, ಚಳಿಗಾಲದಲ್ಲಿ ವಲಸೆ ಹೋಗುವ ಬೂದು ತಿಮಿಂಗಿಲಗಳ ನೀರಚಿಲುಮೆಯೂ ಕಾಣಸಿಗುತ್ತವೆ. ಮರಿಗಳನ್ನೂ ಗಂಡುಗಳ ಕಾದಾಟವನ್ನೂ ನೋಡಬಯಸುವವರಿಗೆ ಜನವರಿಯ ಕೊನೆಯ ವಾರಗಳೇ ತಕ್ಕ ಸಮಯ. ಜುಲೈ–ಆಗಸ್ಟ್‌ನಲ್ಲಿ ಚರ್ಮ ಕಳಚಲು ಬರುವ ದೊಡ್ಡ ಗಂಡುಗಳು ಅಲ್ಲಿರುತ್ತವೆ.