ಎರಿಸ್ ಸಿಕ್ಕಿದ ಬಗೆ



ಗ್ರಹಗಳು ಒಂಬತ್ತಲ್ಲ, ಎಂಟು ಎಂದು 2006ರ ನಂತರ ಮಕ್ಕಳಿಗೆ ಹೇಳಿಕೊಡಬೇಕಾಯಿತು. ಆ ಬದಲಾವಣೆಗೆ ಒತ್ತಾಯ ತಂದದ್ದು ಎರಿಸ್ ಎಂಬ ಹಿಮದ ಕುಬ್ಜಗ್ರಹ. ಅದು ಸಿಕ್ಕಿದ ಬಗೆಯನ್ನು ಇಂದು ನೋಡೋಣ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಪಾಲೊಮಾರ್ ವೀಕ್ಷಣಾಲಯದ ದೂರದರ್ಶಕದಿಂದ ಮೈಕ್ ಬ್ರೌನ್, ಚಾಡ್ ಟ್ರುಹಿಯೊ, ಡೇವಿಡ್ ರಾಬಿನೋವಿಟ್ಜ್ ಎಂಬ ಮೂವರು ವಿಜ್ಞಾನಿಗಳು ನೆಪ್ಚೂನಿನಾಚೆಯ ಕಾಯಗಳನ್ನು ಹುಡುಕುತ್ತಿದ್ದರು. ಆಕಾಶದ ಒಂದೇ ಭಾಗವನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮೂರು ಸಲ ಚಿತ್ರ ತೆಗೆಯುತ್ತಿದ್ದರು. ಮೂರರಲ್ಲೂ ಕದಲದೆ ನಿಂತದ್ದು ನಕ್ಷತ್ರ. ಜಾಗ ಬದಲಿಸಿದ್ದು ಸೌರಮಂಡಲದ ಕಾಯ. ಈ ಸರಿದಾಟ ಕಾಣುವುದು ಮುಖ್ಯವಾಗಿ ನಮ್ಮ ಭೂಮಿ ಚಲಿಸುತ್ತಿರುವುದರಿಂದ. ಓಡುವ ರೈಲಿನಿಂದ ನೋಡಿದರೆ ಪಕ್ಕದ ಕಂಬ ಸರ್ರನೆ ಹಿಂದೆ ಹೋಗುತ್ತದೆ, ದೂರದ ಬೆಟ್ಟ ಕದಲಿದಂತೆಯೇ ತೋರುವುದಿಲ್ಲ. ಕಾಯ ದೂರವಿದ್ದಷ್ಟೂ ಅದರ ಸರಿದಾಟ ನಿಧಾನ.

2003ರ ಅಕ್ಟೋಬರ್ 21ರ ಚಿತ್ರಗಳಲ್ಲಿ ಎರಿಸ್ ಇತ್ತು, ಆದರೆ ಕಂಪ್ಯೂಟರು ಅದನ್ನು ತೋರಿಸಲಿಲ್ಲ. ತೀರ ನಿಧಾನದ ಚುಕ್ಕೆಗಳಲ್ಲಿ ಸುಳ್ಳು ಸುಳಿವುಗಳೇ ಹೆಚ್ಚು ಎಂದು, ಅಂಥವನ್ನು ಬಿಟ್ಟುಬಿಡುವಂತೆ ವೇಗಕ್ಕೊಂದು ಮಿತಿ ಇಟ್ಟಿದ್ದರು. ಮುಂದಿನ ತಿಂಗಳು ಸೆಡ್ನಾ ಎಂಬ ಇನ್ನೊಂದು ಕಾಯ ಸಿಕ್ಕಿತು. ಅದರ ವೇಗ ಆ ಮಿತಿಗಿಂತ ತುಸುವೇ ಹೆಚ್ಚು! ಹಾಗಾದರೆ ಇನ್ನೂ ನಿಧಾನವಾದವು ಕೈತಪ್ಪಿರಬಹುದಲ್ಲವೇ? ಮಿತಿಯನ್ನು ಇಳಿಸಿ, ಹಳೆಯ ಚಿತ್ರಗಳನ್ನೇ ಮತ್ತೆ ಜಾಲಾಡಿದರು. 2005ರ ಜನವರಿ 5ರಂದು ಎರಿಸ್ ಕಣ್ಣಿಗೆ ಬಿತ್ತು.

ಆಗ ಅದು ಭೂಮಿ ಮತ್ತು ಸೂರ್ಯರ ಅಂತರದ ಸುಮಾರು 97 ಪಟ್ಟು ದೂರದಲ್ಲಿತ್ತು. ಸೂರ್ಯನ ಬೆಳಕು ಅಲ್ಲಿಗೆ ತಲುಪಲು 13 ಗಂಟೆಗೂ ಹೆಚ್ಚು ಬೇಕು. ಅದು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 560 ವರ್ಷ. ಮೈಮೇಲಿನ ಮೀಥೇನ್ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಮರಳಿಸುವುದರಿಂದಲೇ ಅಷ್ಟು ದೂರದ ಕಾಯ ನಮಗೆ ಕಂಡಿತು.

ಎರಿಸ್ ಪ್ಲೂಟೊಗಿಂತ ದೊಡ್ಡದೆಂದು ಮೊದಲು ಅಂದಾಜಾಯಿತು. ಪ್ಲೂಟೊ ಗ್ರಹವಾದರೆ ಎರಿಸ್ ಯಾಕಲ್ಲ? 2006ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹದ ಲಕ್ಷಣವನ್ನು ನಿಗದಿ ಮಾಡಿತು, ಎರಡೂ ಕುಬ್ಜಗ್ರಹಗಳೆನಿಸಿದವು. 2010ರಲ್ಲಿ ಎರಿಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅದರ ವ್ಯಾಸವನ್ನು ನಿಖರವಾಗಿ ಅಳೆದರು: 2,326 ಕಿಲೋಮೀಟರ್. ಗಾತ್ರದಲ್ಲಿ ಪ್ಲೂಟೊಗಿಂತ ತುಸು ಕಿರಿದು, ದ್ರವ್ಯರಾಶಿಯಲ್ಲಿ ಕಾಲುಪಾಲಿಗೂ ಮಿಕ್ಕಿ ಹಿರಿದು.

ವಿಜ್ಞಾನ ಓದುತ್ತಿರುವ ಮಕ್ಕಳು ಇದರಿಂದ ಒಂದು ಅಭ್ಯಾಸ ಕಲಿಯಬೇಕೆಂಬುದು ನನ್ನ ಆಸೆ. ಬೇಡವೆಂದು ಬಿಟ್ಟ ಅಳತೆಗಳನ್ನೂ ಜೋಪಾನವಾಗಿಡಿ, ಯಾಕೆ ಬಿಟ್ಟಿರೆಂದು ಬರೆದಿಡಿ. ಆ ಕಾರಣ ಸಡಿಲವಾದ ದಿನ, ಅವುಗಳನ್ನು ಇನ್ನೊಮ್ಮೆ ತೆರೆದು ನೋಡಿ.