ಬೆನ್ನುಹುರಿಯ ನರ ಏಕೆ ಮತ್ತೆ ಬೆಳೆಯುವುದಿಲ್ಲ?

(ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ಶುಶ್ರೂಷಾ ಬೋಧಕಿ ನೀಡಿದ ಉಪನ್ಯಾಸ)



ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಮರಗಸಿ ಮಾಡುವಾಗ, ಏಣಿ ಹತ್ತಿ ಮೆಣಸು ಕೊಯ್ಯುವಾಗ ಕಾಲು ಜಾರಿ ಬಿದ್ದರೆ ಬೆನ್ನುಮೂಳೆಯ ಜೊತೆಗೆ ಒಳಗಿನ ಬೆನ್ನುಹುರಿಗೂ ಪೆಟ್ಟಾಗಬಹುದು. ಆಗ ಮನೆಯವರು ಕೇಳುತ್ತಾರೆ: "ಸಿಸ್ಟರ್, ಕತ್ತಿ ತಾಗಿ ಕೈನರ ತುಂಡಾದವರಿಗೆ ಹೊಲಿಗೆ ಹಾಕಿದ ಮೇಲೆ ಸ್ಪರ್ಶ ಬಂತಲ್ಲ, ಬೆನ್ನಿನ ನರಕ್ಕೇನಾಗಿದೆ?" ಈ ಪ್ರಶ್ನೆಗೆ ಇಂದು ಉತ್ತರ ಹೇಳುತ್ತೇನೆ.

ನರತಂತು ಬೆಳೆಯುವುದು ಅದರ ತುದಿಯಲ್ಲಿ. ಸ್ಪೇನ್ ದೇಶದ ವಿಜ್ಞಾನಿ ರಾಮೋನ್ ಇ ಕಹಾಲ್ 1890ರಲ್ಲಿ ಈ ತುದಿಯನ್ನು ವಿವರಿಸಿದರು. ಸಿಲ್ವರ್ ಮರಕ್ಕೆ ಹಬ್ಬುವ ಮೆಣಸಿನ ಬಳ್ಳಿಯ ಕುಡಿಯಂತೆ ಅದು ಅತ್ತಿತ್ತ ತಡವುತ್ತಾ ಮುಂದೆ ಸಾಗುತ್ತದೆ. ದಾರಿಯಲ್ಲಿ ಕೆಲವು ರಾಸಾಯನಿಕಗಳು 'ಬಾ' ಎಂದು ಕರೆಯುತ್ತವೆ, ಕೆಲವು 'ಇತ್ತ ಬರಬೇಡ' ಎನ್ನುತ್ತವೆ. ಬೇಡವೆನ್ನುವ ರಾಸಾಯನಿಕ ತಾಗಿದರೆ ಕುಡಿಯೊಳಗಿನ ಸೂಕ್ಷ್ಮ ಎಳೆಗಳು ಕಳಚಿಕೊಳ್ಳುತ್ತವೆ. ಮುಟ್ಟಿದರೆ ಮುನಿ ಗಿಡದ ಎಲೆಯಂತೆ ಕುಡಿ ಮುದುಡಿ ಹಿಂದೆ ಸರಿಯುತ್ತದೆ. ಇಂಥದೊಂದು ಪ್ರೋಟೀನನ್ನು 1993ರಲ್ಲಿ ಅಮೆರಿಕದ ವಿಜ್ಞಾನಿಗಳು ಕೋಳಿಯ ಮೆದುಳಿನಿಂದ ಬೇರ್ಪಡಿಸಿದರು. ಈಗ ಅದರ ಹೆಸರು ಸೆಮಾಫೋರಿನ್ 3ಎ.

ಈ ತಡೆ ನಮ್ಮ ಶತ್ರುವಲ್ಲ. ಗರ್ಭದಲ್ಲಿರುವ ಮಗುವಿನ ಒಂದೊಂದು ನರವೂ ತಪ್ಪದೆ ತನ್ನ ಜಾಗ ಸೇರಲು ಇದು ಬೇಕೇ ಬೇಕು.

ಕೈಕಾಲಿನ ನರ ತುಂಡಾದಾಗ ಸುತ್ತಲಿನ ಜೀವಕೋಶಗಳು ಕಸ ತೆಗೆದು ದಾರಿ ಮಾಡಿಕೊಡುತ್ತವೆ. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ ತಲುಪಲು ತಿಂಗಳುಗಳೇ ಬೇಕು. ಬೆನ್ನುಹುರಿಯಲ್ಲಿ ಹಾಗಲ್ಲ. ಅಲ್ಲಿನ ನರಗಳ ಹೊದಿಕೆಯಲ್ಲೂ ಗಾಯದ ಕಲೆಯಲ್ಲೂ ತಡೆಯುವ ರಾಸಾಯನಿಕಗಳಿವೆ. ಅದರಲ್ಲೊಂದಕ್ಕೆ 2000ದಲ್ಲಿ 'ನೋಗೋ' ಎಂದು ಹೆಸರಾಯಿತು, ಅಂದರೆ 'ಹೋಗಬೇಡ'. ಸ್ವಿಟ್ಜರ್ಲೆಂಡಿನ ಮಾರ್ಟಿನ್ ಶ್ವಾಬ್ ಇದರ ಮೇಲೆ ದಶಕಗಳ ಕಾಲ ದುಡಿದವರು. ಜೊತೆಗೆ, ವಯಸ್ಕರ ಬೆನ್ನುಹುರಿಯ ನರಗಳಿಗೆ ಬೆಳೆಯುವ ಶಕ್ತಿಯೂ ಕಡಿಮೆ.

ಆದ್ದರಿಂದ ಕಾಲು ಏಳದಿದ್ದರೆ ಅದು ರೋಗಿಯ ಸೋಮಾರಿತನವಲ್ಲ, ಮನೆಯವರ ಆರೈಕೆಯ ಕೊರತೆಯೂ ಅಲ್ಲ. ಆದರೆ ಪೂರ್ತಿ ತುಂಡಾಗದ ನರಗಳು ಮೊದಲ ತಿಂಗಳುಗಳಲ್ಲಿ ಚೇತರಿಸಿಕೊಳ್ಳಬಹುದು. ವ್ಯಾಯಾಮ ಬಿಡಬೇಡಿ.

ನೋಗೋವನ್ನು ತಡೆಯುವ ಔಷಧದ ಪರೀಕ್ಷೆ ಯುರೋಪಿನಲ್ಲಿ ನಡೆದು, 2024ರ ಕೊನೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಸ್ಪಷ್ಟ ಲಾಭ ಕಾಣಲಿಲ್ಲ. ಪೂರ್ತಿ ಹಾನಿಯಾಗದ ಕೆಲವರಲ್ಲಿ ಮಾತ್ರ ಆಶಾದಾಯಕ ಸೂಚನೆ ಇತ್ತು. ಸಂಶೋಧನೆ ಇನ್ನೂ ಮುಂದುವರಿಯಬೇಕು. ಹಾಗಿರುವಾಗ 'ಸ್ಟೆಮ್ ಸೆಲ್ ಚುಚ್ಚಿದರೆ ನರ ಕೂಡುತ್ತದೆ' ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ತೋಟ, ಒಡವೆ ಅಡವಿಡಬೇಡಿ. ಬೆನ್ನುಹುರಿಗೆ ಅದು ಒಪ್ಪಿತ ಚಿಕಿತ್ಸೆಯಲ್ಲ. ಅನುಮತಿ ಪಡೆದ ಪರೀಕ್ಷೆಯ ಹೊರಗೆ ಅದನ್ನು ನೀಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ನಮ್ಮ ಕೈಯಲ್ಲಿರುವುದು ಇಷ್ಟು:

1. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ಕುತ್ತಿಗೆ, ಬೆನ್ನು ಅಲುಗದಂತೆ ನಾಲ್ಕೈದು ಜನ ಸೇರಿ ಹಲಗೆಯ ಮೇಲೆ ಮಲಗಿಸಿ.

2. ಹಾಸಿಗೆಯಲ್ಲಿರುವವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟ, ಹಿಮ್ಮಡಿ ಕೆಂಪಾಗಿದೆಯೇ ಎಂದು ದಿನವೂ ನೋಡಿ.

3. ಚಳಿಯೆಂದು ಸ್ಪರ್ಶವಿಲ್ಲದ ಕಾಲಿಗೆ ಬೆಂಕಿ ಕಾಯಿಸಬೇಡಿ, ಬಿಸಿನೀರಿನ ಚೀಲ ಇಡಬೇಡಿ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

4. ಮೂತ್ರ ಕಟ್ಟಿದರೆ ಅಥವಾ ಚಳಿಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ನರ ಬೆಳೆಯುವಂತೆ ಮಾಡಲು ಇಂದು ನಮ್ಮಿಂದ ಆಗದು. ಹಾಸಿಗೆ ಹುಣ್ಣು ಬಾರದಂತೆ ತಡೆಯುವುದು ನಿಮ್ಮಿಂದ ಖಂಡಿತ ಆಗುತ್ತದೆ. ಹೇಗೆಂದು ತಿಳಿಯದಿದ್ದರೆ ವಾರ್ಡಿನ ಸಿಸ್ಟರನ್ನು ಸಂಕೋಚವಿಲ್ಲದೆ ಕೇಳಿ, ಕೈಹಿಡಿದು ಕಲಿಸುತ್ತೇವೆ.