ಕತ್ತಲೆಯಲ್ಲಿ ಬಾಗಿಲ ಬಳಿ ನಿಂತವಳು

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣ)



ಹಿಂಸಿಸುವ ಗಂಡನಿಂದ ತಪ್ಪಿಸಿಕೊಂಡ ಹೆಣ್ಣು ಕೊನೆಗೆ ಒಲವಿನ ಆಸರೆ ಕಾಣುವ ಕಾದಂಬರಿಗಳನ್ನು ನಮ್ಮ ಹೆಣ್ಣುಮಕ್ಕಳು ಓದುತ್ತಾರೆ. ಓದಬಾರದೆನ್ನಲು ನಾವಿಲ್ಲಿ ನಿಂತಿಲ್ಲ. ಆ ಕಥೆಗಳಲ್ಲಿ ಭಯವೆಲ್ಲ ಮನೆಬಿಟ್ಟು ಹೊರಡುವ ರಾತ್ರಿಯದು. ನಮ್ಮ ಊರುಗಳಲ್ಲಾದರೋ ಅದು ತವರಿನ ಬಾಗಿಲು ತಟ್ಟಿದ ಮೇಲೂ ಮುಗಿಯುವುದಿಲ್ಲ. ಬಾಗಿಲು ತೆರೆದವರು ಏನೆನ್ನುವರು?

ಮದೀನಾದ ಒಂದು ಬಾಗಿಲನ್ನು ನೆನೆಯೋಣ. ಫಜ್ರ್ ನಮಾಝ್‌ಗೆಂದು ಹೊರಬಂದ ಪ್ರವಾದಿ(ಸ)ಯವರಿಗೆ ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಮಹಿಳೆಯೊಬ್ಬರು ನಿಂತಿರುವುದು ಕಂಡಿತು. ಯಾರೆಂದು ವಿಚಾರಿಸಿದರು. ಆಕೆ ಹಬೀಬಾ ಬಿನ್ತಿ ಸಹ್ಲ್(ರ). ಇನ್ನು ತಾನು ಪತಿ ಸಾಬಿತ್(ರ)ರೊಂದಿಗೆ ಬಾಳಲಾರೆ ಎಂಬುದಷ್ಟೇ ಆಕೆಯ ಮಾತಿನ ಸಾರ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಈ ಘಟನೆಯಿದೆ. ಆಕೆಗೆ ಮೂಳೆ ಮುರಿಯುವಂತಹ ಹೊಡೆತ ಬಿದ್ದಿತ್ತೆಂದು ಅಬೂದಾವೂದ್‌ನ ವರದಿಯೊಂದು ಹೇಳುತ್ತದೆ. ಸಾಬಿತ್‌ರ ಪತ್ನಿಯ ಖುಲಾದ ಕುರಿತು ಬುಖಾರಿಯಲ್ಲಿರುವ ವರದಿಯಲ್ಲಿ ಹೊಡೆತದ ಪ್ರಸ್ತಾಪವಿಲ್ಲ.

ಸಾಬಿತ್ ಸಾಮಾನ್ಯರಲ್ಲ. ಅನ್ಸಾರ್‌ಗಳ ಹೆಸರಾಂತ ವಾಗ್ಮಿ, ಗೌರವಾನ್ವಿತ ಸಹಾಬಿ. ಆದರೂ 'ಅಂತಹ ಸಜ್ಜನನನ್ನು ಬಿಡುವೆಯಾ' ಎಂಬ ಮಾತು ಬರಲಿಲ್ಲ. ಅವರು ಕೊಟ್ಟದ್ದೆಲ್ಲ ತನ್ನ ಬಳಿಯಿದೆ ಎಂದರು ಹಬೀಬಾ. ಅದನ್ನು ಮರಳಿ ಪಡೆಯುವಂತೆ ಸಾಬಿತ್‌ರಿಗೆ ಸೂಚಿಸಲಾಯಿತು. ಆಕೆ ತನ್ನವರ ಮನೆಯಲ್ಲಿ ಉಳಿದರು. ಮದ್ರಸದಲ್ಲಿ ನಾವು ಖುಲಾದ ಅಧ್ಯಾಯ ಓದಿದ್ದೇವೆ. ಹಿಂದಿರುಗಿಸಬೇಕಾದ ಮಹ್ರ್‌ನ ಲೆಕ್ಕದ ಬಗ್ಗೆ ಬಹಳ ಚರ್ಚಿಸಿದೆವು. ಆ ಕತ್ತಲೆಯಲ್ಲಿ ಆಕೆ ಎಷ್ಟು ಹೊತ್ತು ನಿಂತಿದ್ದರು ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಇಂದು ಮಗಳು ಬಂದು ನಿಂತರೆ ಸಬರ್ ಮಾಡು ಎನ್ನುತ್ತೇವೆ. ಐದು ಹೊತ್ತು ನಮಾಝ್ ಮಾಡುವವನು, ಸಿಟ್ಟು ಸ್ವಲ್ಪ ಜಾಸ್ತಿ ಅಷ್ಟೇ ಎಂದು ಸಮಜಾಯಿಷಿ ಕೊಡುತ್ತೇವೆ. ಜಮಾಅತಿನ ಹಿರಿಯರು ರಾಜಿ ಮಾಡಿಸಿ ಕಳುಹಿಸುತ್ತಾರೆ. ಮರುದಿನ ಆ ಮನೆಗೆ ಹೋಗಿ ನೋಡುವವರು ಯಾರು?

ದೇಶದ ಕಾನೂನು ಕೂಡ ಆಕೆಯ ಕೈಬಿಟ್ಟಿಲ್ಲ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯು ಗಂಡನ ಕ್ರೌರ್ಯವನ್ನು ವಿಚ್ಛೇದನಕ್ಕೆ ಆಧಾರವೆಂದು ಒಪ್ಪಿದೆ. ಕೈಯೆತ್ತದೆಯೂ ಬದುಕನ್ನು ದುರ್ಭರಗೊಳಿಸುವ ವರ್ತನೆ ಅದರಲ್ಲಿ ಸೇರಿದೆ. ಕೌಟುಂಬಿಕ ದೌರ್ಜನ್ಯದ ವಿರುದ್ಧದ 2005ರ ಕಾಯ್ದೆಯಂತೆ ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಸಂರಕ್ಷಣಾಧಿಕಾರಿಯ ಮೂಲಕವೋ ನೇರವಾಗಿಯೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. 181 ಮಹಿಳಾ ಸಹಾಯವಾಣಿ, ಜೀವಭಯವಿದ್ದರೆ 112. ತಾಯಂದಿರೇ, ನಿಕಾಹ್‌ನಾಮೆ, ಆಧಾರ್, ಮಕ್ಕಳ ಜನನ ಪತ್ರ, ಆಸ್ಪತ್ರೆಯ ಚೀಟಿ ಇವುಗಳ ಪ್ರತಿಗಳು ನಿಮ್ಮ ಬಳಿ ಇರಲಿ. ಓಡಿಬರುವವಳಿಗೆ ಕಪಾಟು ಹುಡುಕುವ ವ್ಯವಧಾನವಿರುವುದಿಲ್ಲ.

ಬಿಡುಗಡೆಯ ನಂತರದ ಬದುಕಿನ ಬಗ್ಗೆ ನಮ್ಮವರು ಮಾತನಾಡಲು ಸಂಕೋಚಪಡುತ್ತಾರೆ. ಮುಸ್ಲಿಮ್ ಸಂಗ್ರಹದಲ್ಲಿ ಫಾತಿಮಾ ಬಿನ್ತಿ ಕೈಸ್(ರ)ರ ವೃತ್ತಾಂತವಿದೆ. ತಲಾಕ್ ಆಗಿ ಇದ್ದತ್ ಮುಗಿದ ಮೇಲೆ ಆಕೆಗೆ ಮುಆವಿಯಾ(ರ) ಮತ್ತು ಅಬೂ ಜಹ್ಮ್(ರ)ರಿಂದ ಪ್ರಸ್ತಾಪ ಬಂತು. ಪ್ರವಾದಿ(ಸ)ಯವರು ಮೊದಲನೆಯವರ ಬಡತನವನ್ನು ಮರೆಮಾಚಲಿಲ್ಲ. ಎರಡನೆಯವರ ಹೆಗಲಿನಿಂದ ಕೋಲು ಇಳಿಯುವುದಿಲ್ಲವೆಂದೂ ತಿಳಿಸಿದರು. ಹೆಂಗಸರಿಗೆ ಹೊಡೆಯುವವರೆಂದು ಇದರರ್ಥ. ಹೆಣ್ಣಿನ ಭವಿಷ್ಯದ ಪ್ರಶ್ನೆ ಬಂದಾಗ ವರನ ಕೈಯ ಗುಣವನ್ನು ಹೇಳುವುದು ಪರನಿಂದೆಯಾಗಲಿಲ್ಲ. ನಾವಾದರೋ ವರನ ಸಂಬಳ, ಸೈಟು, ಗಲ್ಫ್ ವೀಸಾ ವಿಚಾರಿಸುತ್ತೇವೆ. ಮೊದಲ ಹೆಂಡತಿ ಏಕೆ ಬಿಟ್ಟುಹೋದಳೆಂದು ಅವನ ನೆರೆಮನೆಯಲ್ಲಿ ಕೇಳಲು ನಾಚುತ್ತೇವೆ.

ಪ್ರವಾದಿ(ಸ)ಯವರು ಸೂಚಿಸಿದ್ದು ಉಸಾಮಾ(ರ)ರನ್ನು. ಅವರ ತಂದೆ ಝೈದ್(ರ) ಬಿಡುಗಡೆ ಹೊಂದಿದ ಗುಲಾಮರು, ಫಾತಿಮಾ ಕುರೈಶ್ ಮನೆತನದವರು. ಮೊದಲು ಆಕೆಗೆ ಮನಸ್ಸಾಗಲಿಲ್ಲ. ಬಳಿಕ ಒಪ್ಪಿದರು. ಆ ದಾಂಪತ್ಯದಲ್ಲಿ ಅಲ್ಲಾಹನು ಒಳಿತನ್ನಿರಿಸಿದನೆಂದೂ ಇತರರು ಕಂಡು ಆಸೆಪಡುವಂತೆ ತಾನು ಬಾಳಿದೆನೆಂದೂ ಆಕೆಯೇ ಹೇಳಿಕೊಂಡಿದ್ದಾರೆ.